ಹ್ಯಾರಿಯೆಟ್ ಟಬ್‌ಮನ್‌ಗೆ ಸಲ್ಲಬೇಕಿದ್ದ ಬಾಕಿ

1897ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಹ್ಯಾರಿಯೆಟ್ ಟಬ್‌ಮನ್‌ಗೆ ಸನ್ಮಾನ ಇಟ್ಟುಕೊಂಡಿದ್ದರು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು, ಮತ್ತೆ ಮತ್ತೆ ವಾಪಸ್ ಹೋಗಿ ಬೇರೆಯವರನ್ನೂ ಬಿಡಿಸಿಕೊಂಡು ಬಂದ ಕಪ್ಪು ಮಹಿಳೆ ಆಕೆ. ಹೆಂಗಸರಿಗೂ ಮತದ ಹಕ್ಕು ಬೇಕು ಅಂತ ಹೋರಾಡುತ್ತಿದ್ದವರು ಸೇರಿ ಸಾಲಾಗಿ ಹಲವು ಸಭೆ ಏರ್ಪಡಿಸಿದ್ದರು. ಆಕೆಗೆ ಆಗ ಎಪ್ಪತ್ತೈದರ ಆಸುಪಾಸು. ವಾಸ ನ್ಯೂಯಾರ್ಕ್ ರಾಜ್ಯದ ಆಬರ್ನ್ ಎಂಬ ಊರಿನಲ್ಲಿ. ಬಾಸ್ಟನ್ನಿಗೆ ಹೋಗಲು ರೈಲು ಟಿಕೆಟ್‌ಗೆ ಕೈಯಲ್ಲಿ ಕಾಸಿರಲಿಲ್ಲ. ಮನೆಯ ಹಸು ಮಾರಿ ಸನ್ಮಾನಕ್ಕೆ ಹೋದಳು.

ಇದನ್ನು ಓದಿದ ಮೇಲೆ ಆಕೆಗೆ ಸಂದ ಉಳಿದ ಗೌರವಗಳನ್ನೆಲ್ಲ ನಾನು ಬೇರೆ ಥರ ನೋಡತೊಡಗಿದೆ. ಗೌರವಗಳಿಗೇನೂ ಕಡಿಮೆ ಇಲ್ಲ. ಎರಡನೇ ಮಹಾಯುದ್ಧದ ಹೊತ್ತಿಗೆ, 1944ರಲ್ಲಿ, ಒಂದು ಸರಕು ಹಡಗಿಗೆ ಆಕೆಯ ಹೆಸರಿಟ್ಟರು. 1978ರಲ್ಲಿ ಅಂಚೆ ಚೀಟಿ ಬಂತು. ಅಮೆರಿಕದ ಅಂಚೆ ಚೀಟಿಯ ಮೇಲೆ ಬಂದ ಮೊದಲ ಕಪ್ಪು ಮಹಿಳೆ ಆಕೆ. ಹುಟ್ಟಿದ ಮೇರಿಲ್ಯಾಂಡ್‌ನಲ್ಲಿ ಒಂದು, ಬಾಳಿದ ಆಬರ್ನ್‌ನಲ್ಲಿ ಒಂದು, ಹೀಗೆ ಎರಡು ರಾಷ್ಟ್ರೀಯ ಐತಿಹಾಸಿಕ ಉದ್ಯಾನಗಳಿವೆ. ಇಪ್ಪತ್ತು ಡಾಲರ್ ನೋಟಿನ ಮೇಲೆ ಆಕೆಯ ಚಿತ್ರ ಹಾಕುತ್ತೇವೆ ಅಂತ 2016ರಲ್ಲಿ ಸರ್ಕಾರ ಹೇಳಿತು. 2024ರ ನವೆಂಬರ್ 11ರಂದು ಮೇರಿಲ್ಯಾಂಡ್ ರಾಜ್ಯ ತನ್ನ ಮೀಸಲು ಸೈನ್ಯವಾದ ನ್ಯಾಷನಲ್ ಗಾರ್ಡ್‌ನಲ್ಲಿ ಆಕೆಗೆ ಬ್ರಿಗೇಡಿಯರ್ ಜನರಲ್ ಪದವಿ ಕೊಟ್ಟಿತು, ತೀರಿಕೊಂಡು 111 ವರ್ಷ ಆದ ಮೇಲೆ.

ಎಲ್ಲವೂ ಒಳ್ಳೆಯದೇ. ನನಗೆ ಅದರ ಬಗ್ಗೆ ತಕರಾರಿಲ್ಲ. ಆದರೆ ಒಬ್ಬರನ್ನು ಗೌರವಿಸಬೇಕು ಅಂದರೆ, ಅವರು ಬದುಕಿದ್ದಾಗ ಬಾಯಿಬಿಟ್ಟು ಏನು ಕೇಳಿದರು ಅಂತ ಮೊದಲು ನೋಡಬೇಕಲ್ವಾ? ಹ್ಯಾರಿಯೆಟ್ ಪದವಿ ಕೇಳಲಿಲ್ಲ, ಪ್ರತಿಮೆ ಕೇಳಲಿಲ್ಲ. ಮಾಡಿದ ಕೆಲಸಕ್ಕೆ ಕೂಲಿ ಕೇಳಿದಳು. ದಿಕ್ಕಿಲ್ಲದ ಮುದುಕರಿಗೆ ಒಂದು ಮನೆ ಮಾಡಲು ನೆರವು ಕೇಳಿದಳು. ಈ ಎರಡನ್ನೂ ಕೇಳುತ್ತಾ ಮೂವತ್ತು ನಲವತ್ತು ವರ್ಷ ಕಳೆದಳು. ಆಕೆಯ ಬದುಕನ್ನು ಆ ಕಡೆಯಿಂದ ಹೇಳಿ ನೋಡೋಣ ಅಂತ ಈ ಬರಹ.

ಮೊದಲು ಲೆಕ್ಕ ಸರಿಮಾಡಬೇಕು. ಇಂಟರ್‌ನೆಟ್‌ನಲ್ಲಿ ಎಲ್ಲೇ ನೋಡಿ, ಆಕೆ 19 ಸಲ ಗುಲಾಮಗಿರಿ ಇದ್ದ ದಕ್ಷಿಣದ ರಾಜ್ಯಗಳಿಗೆ ಹೋಗಿ 300 ಜನರನ್ನು ಬಿಡಿಸಿಕೊಂಡು ಬಂದಳು, ಆಕೆಯ ತಲೆಗೆ 40,000 ಡಾಲರ್ ಬಹುಮಾನ ಇತ್ತು ಅಂತ ಇರುತ್ತದೆ. 19 ಮತ್ತು 300 ಅನ್ನೋದು ಆಕೆಯ ಮೊದಲ ಜೀವನಚರಿತ್ರೆ ಬರೆದವರು ಹಿಗ್ಗಿಸಿ ಹೇಳಿದ ಲೆಕ್ಕ. 40,000 ಅನ್ನೋದು ಅಮೆರಿಕದ ಅಂತರ್ಯುದ್ಧ ಮುಗಿದ ಮೇಲೆ ಆಕೆಗೆ ಪಿಂಚಣಿ ಕೊಡಿಸಬೇಕು ಅಂತ ಒಬ್ಬ ಹಿತೈಷಿ ಪತ್ರಿಕೆಗೆ ಬರೆಯುವಾಗ ಸೇರಿಸಿದ್ದು. ಇತಿಹಾಸಕಾರರು ದಾಖಲೆಗಳನ್ನು ಒಂದೊಂದಾಗಿ ಜೋಡಿಸಿ ಕಂಡುಕೊಂಡದ್ದು ಸುಮಾರು 13 ಪ್ರಯಾಣ, ಸುಮಾರು 70 ಜನ. ಇದಲ್ಲದೆ ಇನ್ನೂ ಐವತ್ತು ಅರವತ್ತು ಜನಕ್ಕೆ ದಾರಿ ಹೇಳಿಕೊಟ್ಟಳು, ಅವರು ತಾವೇ ತಪ್ಪಿಸಿಕೊಂಡು ಬಂದರು. ಬಹುಮಾನ? ಆಕೆಯ ಹೆಸರಲ್ಲಿ ಸಿಕ್ಕಿರುವ ಒಂದೇ ಜಾಹೀರಾತಿನಲ್ಲಿ ಇರುವುದು, ರಾಜ್ಯದ ಹೊರಗೆ ಸಿಕ್ಕರೆ 100 ಡಾಲರ್, ಒಳಗೇ ಸಿಕ್ಕರೆ 50.

ಲೆಕ್ಕ ಕಡಿಮೆ ಆಯಿತಲ್ಲ ಅಂತ ಕೆಲವರಿಗೆ ಬೇಜಾರಾಗಬಹುದು. ನನಗೆ ಮಾತ್ರ 70 ಅನ್ನೋದು 300ಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಯಾಕಂದ್ರೆ ಆ 70 ಜನರಲ್ಲಿ ತುಂಬಾ ಜನಕ್ಕೆ ಹೆಸರಿದೆ, ಊರಿದೆ, ಯಾರ ಮಗ ಯಾರ ಮಗಳು ಅಂತ ಗೊತ್ತಿದೆ. ಹೆಚ್ಚಿನವರು ಆಕೆಯ ಒಡಹುಟ್ಟಿದವರು, ನಂಟರು, ಅಕ್ಕಪಕ್ಕದವರು. ಇವರನ್ನೆಲ್ಲ ಒಂದು ದೊಡ್ಡ ಸಂಖ್ಯೆಯೊಳಗೆ ಹಾಕಿಬಿಟ್ಟರೆ ಅವರ ಮುಖ ಕಾಣೋದಿಲ್ಲ.

ಇನ್ನೊಂದು ಇದೆ, ಅದು ನನಗೆ ನಿಜವಾಗಿ ಸಿಟ್ಟು ಬರಿಸುವಂಥದ್ದು. ‘ನಾನು ಸಾವಿರ ಗುಲಾಮರನ್ನು ಬಿಡಿಸಿದೆ, ತಾವು ಗುಲಾಮರು ಅಂತ ಅವರಿಗೆ ಗೊತ್ತಿದ್ದಿದ್ದರೆ ಇನ್ನೂ ಸಾವಿರ ಜನರನ್ನು ಬಿಡಿಸುತ್ತಿದ್ದೆ’ ಅನ್ನೋ ಮಾತು. ಚಂದದ ಪೋಸ್ಟರ್ ಮಾಡಿ, ಆಕೆಯ ಫೋಟೋ ಹಾಕಿ ಎಲ್ಲರೂ ಹಂಚುತ್ತಾರೆ. ಆಕೆ ಹೀಗೆ ಹೇಳಿದ್ದಕ್ಕೆ ಆಕೆಯ ಕಾಲದ ಒಂದು ದಾಖಲೆಯೂ ಇಲ್ಲ. ಹೇಳಿರಲು ಸಾಧ್ಯವೂ ಇಲ್ಲ ಅನ್ನಿಸುತ್ತದೆ. ತಾನು ಗುಲಾಮ ಅಂತ ಗೊತ್ತಿಲ್ಲದ ಒಬ್ಬನನ್ನೂ ಹ್ಯಾರಿಯೆಟ್ ಕಂಡಿರಲಿಲ್ಲ. ಮಗಳನ್ನು ಹರಾಜಿನಲ್ಲಿ ಕಳೆದುಕೊಂಡ ತಾಯಿಗೆ ಅದನ್ನು ಬೇರೆಯವರು ತಿಳಿಸಿ ಹೇಳಬೇಕಾ? ತಪ್ಪಿಸಿಕೊಳ್ಳದೆ ಉಳಿದವರಿಗೆ ಕೂಸುಗಳಿದ್ದವು, ಮುದಿ ಅಪ್ಪ ಅಮ್ಮ ಇದ್ದರು, ಹಿಂದೆ ನಾಯಿಗಳಿದ್ದವು. ಆ ಸುಳ್ಳು ಮಾತು ತಪ್ಪನ್ನು ಅವರ ತಲೆಗೇ ಕಟ್ಟುತ್ತದೆ.

ಹುಟ್ಟಿದಾಗ ಆಕೆಯ ಹೆಸರು ಅರಮಿಂಟಾ ರಾಸ್, ಮನೆಯಲ್ಲಿ ಕರೆಯುತ್ತಿದ್ದದ್ದು ಮಿಂಟಿ. ಮೇರಿಲ್ಯಾಂಡ್‌ನ ಡಾರ್ಚೆಸ್ಟರ್ ಕೌಂಟಿ. 1822ರ ಮಾರ್ಚ್‌ನಲ್ಲಿ ತೋಟದ ಒಡೆಯನ ಖರ್ಚಿನ ಪುಸ್ತಕದಲ್ಲಿ ಸೂಲಗಿತ್ತಿಗೆ 2 ಡಾಲರ್ ಕೊಟ್ಟ ಲೆಕ್ಕ ಇದೆ. ಆಕೆ ಹುಟ್ಟಿದ್ದು ಯಾವಾಗ ಅಂತ ನಾವು ಊಹಿಸೋದು ಆ ಸಾಲಿನಿಂದ. ಅಪ್ಪ ಬೆನ್ ರಾಸ್, ಮರ ಕಡಿಸುವ ಕೆಲಸದ ಮೇಸ್ತ್ರಿ. ಅಮ್ಮ ಹ್ಯಾರಿಯೆಟ್ ಗ್ರೀನ್, ಎಲ್ಲರ ಬಾಯಲ್ಲಿ ರಿಟ್. ಅಪ್ಪನ ಒಡೆಯ ಬೇರೆ, ಅಮ್ಮನ ಒಡೆಯ ಬೇರೆ. ಮಕ್ಕಳು ಅಮ್ಮನ ಒಡೆಯನ ಸೊತ್ತು.

ಮೂವರು ಅಕ್ಕಂದಿರನ್ನು ದಕ್ಷಿಣಕ್ಕೆ ಮಾರಿದರು. ಆಮೇಲೆ ಅವರ ಸುದ್ದಿಯೇ ಇಲ್ಲ. ಕಿರಿಯ ತಮ್ಮ ಮೋಸೆಸ್‌ನನ್ನು ಮಾರಲು ಬಂದಾಗ ರಿಟ್ ಅವನನ್ನು ಹೆಚ್ಚುಕಡಿಮೆ ಒಂದು ತಿಂಗಳು ಬಚ್ಚಿಟ್ಟಳು. ಕೊನೆಗೆ ಮನೆ ಬಾಗಿಲಿಗೆ ಬಂದಾಗ, ಮೊದಲು ಒಳಗೆ ಕಾಲಿಟ್ಟವನ ತಲೆ ಸೀಳುತ್ತೇನೆ ಅಂದಳು. ಅವರು ವಾಪಸ್ ಹೋದರು. ಗುಲಾಮರಾದವರು ಬೇಡ ಅನ್ನಬಹುದು, ಅಂದರೆ ಕೆಲವು ಸಲ ನಡೆಯುತ್ತದೆ ಅಂತ ಮಿಂಟಿ ಕಲಿತದ್ದು ಇಲ್ಲೇ ಇರಬೇಕು. ಇದನ್ನು ಆಕೆಗೆ ಯಾವ ಪುಸ್ತಕವೂ ಕಲಿಸಲಿಲ್ಲ. ಜೀವನಪೂರ್ತಿ ಆಕೆಗೆ ಓದು ಬರಹ ಬರಲಿಲ್ಲ.

ಆರರ ವಯಸ್ಸಿಗೇ ಬೇರೆಯವರ ಮನೆಗೆ ಬಾಡಿಗೆಗೆ ಕಳಿಸಿದರು. ದಡಾರ ಎದ್ದಿರುವಾಗಲೂ ಚಳಿಯಲ್ಲಿ ಸೊಂಟದಷ್ಟು ನೀರಿಗಿಳಿದು ಮಸ್ಕ್‌ರ್ಯಾಟ್ ಎಂಬ ನೀರಿಲಿಗಳ ಬೋನು ನೋಡಿ ಬರಬೇಕಿತ್ತು. ಇನ್ನೊಂದು ಮನೆಯಲ್ಲಿ ರಾತ್ರಿಯಿಡೀ ಮಗು ತೂಗುವ ಕೆಲಸ. ಮಗು ಅತ್ತರೆ ಇವಳಿಗೆ ಚಾಟಿ. ಆ ಗುರುತುಗಳು ಮುಪ್ಪಿನಲ್ಲೂ ಕುತ್ತಿಗೆಯ ಮೇಲೆ ಉಳಿದಿದ್ದವು.

ಹದಿಮೂರೋ ಹದಿನಾಲ್ಕೋ ಇದ್ದಾಗ ಬಕ್‌ಟೌನ್ ಎಂಬಲ್ಲಿನ ಅಂಗಡಿಯಲ್ಲಿ ಇನ್ನೊಂದು ಘಟನೆ ನಡೆಯಿತು. ಹೇಳದೆ ಕೆಲಸ ಬಿಟ್ಟು ಬಂದಿದ್ದ ಒಬ್ಬ ಗುಲಾಮ ಹುಡುಗನನ್ನು ಮೇಲ್ವಿಚಾರಕ ಅಟ್ಟಿಸಿಕೊಂಡು ಬಂದ. ಇವನನ್ನು ಹಿಡಿ ಅಂತ ಮಿಂಟಿಗೆ ಹೇಳಿದ. ಅವಳು ಹಿಡಿಯಲಿಲ್ಲ. ಹುಡುಗ ಓಡಿದ. ಮೇಲ್ವಿಚಾರಕ ಎರಡು ಪೌಂಡಿನ ತೂಕದ ಬಟ್ಟು ಎತ್ತಿ ಬೀಸಿದ. ಅದು ಬಿದ್ದದ್ದು ಮಿಂಟಿಯ ತಲೆಗೆ. ತಲೆಬುರುಡೆ ಒಡೆಯಿತು. ಎರಡು ದಿನ ಯಾವ ಚಿಕಿತ್ಸೆಯೂ ಇಲ್ಲದೆ ಬಿದ್ದಿದ್ದಳು, ಆಮೇಲೆ ಮತ್ತೆ ಹೊಲಕ್ಕೆ ಕಳಿಸಿದರು. ಅಲ್ಲಿಂದ ಸಾಯುವವರೆಗೂ ಆಕೆಗೆ ತಲೆನೋವು, ಮೂರ್ಛೆ, ಮಾತಾಡುತ್ತಾ ಇರುವಾಗಲೇ ನಿದ್ದೆಗೆ ಜಾರಿಬಿಡುವ ಕಾಯಿಲೆ. ಕನಸುಗಳು ಬೀಳುತ್ತಿದ್ದವು. ಅವನ್ನು ದೇವರ ಮಾತು ಅಂತಲೇ ನಂಬಿದ್ದಳು.

ಇದನ್ನು ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ಮುಂದೆ ರಾತ್ರಿ ಕಾಡಿನಲ್ಲಿ ಹತ್ತು ಹನ್ನೊಂದು ಜನರನ್ನು ಕರೆದುಕೊಂಡು ಹೋಗುತ್ತಿದ್ದವಳು ಇವಳೇ. ನಡುದಾರಿಯಲ್ಲಿ ಆಕೆ ಇದ್ದಕ್ಕಿದ್ದಂತೆ ನಿದ್ದೆಗೆ ಬೀಳುತ್ತಿದ್ದಳು. ಹಿಂದೆ ಹುಡುಕುವವರು, ಮುಂದೆ ಗೊತ್ತಿಲ್ಲದ ದಾರಿ, ಜೊತೆಗಿದ್ದವರು ಆಕೆ ಏಳುವ ತನಕ ಸುಮ್ನೆ ಕೂತು ಕಾಯಬೇಕಿತ್ತು. ಕಾದರು ಕೂಡ. ಆಕೆಯ ಧೈರ್ಯದ ಬಗ್ಗೆ ಎಲ್ಲರೂ ಬರೆಯುತ್ತಾರೆ. ಆ ಕತ್ತಲಲ್ಲಿ ಕಾದು ಕೂತವರ ನಂಬಿಕೆಯ ಬಗ್ಗೆಯೂ ಯಾರಾದರೂ ಬರೆಯಬೇಕು.

1844ರ ಸುಮಾರಿಗೆ ಜಾನ್ ಟಬ್‌ಮನ್ ಎಂಬ ಸ್ವತಂತ್ರ ಕಪ್ಪು ಮನುಷ್ಯನ ಜೊತೆ ಮದುವೆ ಆಯಿತು. ಅಮ್ಮನ ಹೆಸರು ಹ್ಯಾರಿಯೆಟ್ ಅಂತ ತಾನೂ ಇಟ್ಟುಕೊಂಡಳು. 1849ರಲ್ಲಿ ಒಡೆಯ ಎಡ್ವರ್ಡ್ ಬ್ರೋಡೆಸ್ ಸತ್ತ. ಒಡೆಯ ಸತ್ತರೆ ಸಾಲ ತೀರಿಸಲು ಗುಲಾಮರನ್ನು ಮಾರುತ್ತಾರೆ, ಅದು ಎಲ್ಲರಿಗೂ ಗೊತ್ತಿದ್ದ ಭಯ. ಸೆಪ್ಟೆಂಬರ್ 17ರಂದು ಬೆನ್, ಹೆನ್ರಿ ಎಂಬ ಇಬ್ಬರು ತಮ್ಮಂದಿರ ಜೊತೆ ಹೊರಟಳು. ತಮ್ಮಂದಿರಿಗೆ ಹೆದರಿಕೆ ಆಗಿ ವಾಪಸ್ ಬಂದರು, ಆಕೆಯನ್ನೂ ಕರೆತಂದರು. ಆಮೇಲೆ ಒಬ್ಬಳೇ ಹೊರಟಳು. ರಾತ್ರಿ ನಡಿಗೆ, ಧ್ರುವ ನಕ್ಷತ್ರದ ಗುರುತು, ದಾರಿಯಲ್ಲಿ ಗುಲಾಮಗಿರಿಯನ್ನು ಒಪ್ಪದ ಕ್ವೇಕರ್ ಪಂಗಡದವರ ಮನೆಗಳು. ಗುಲಾಮಗಿರಿ ಇಲ್ಲದ ಉತ್ತರದ ಫಿಲಡೆಲ್ಫಿಯಾಗೆ ಸುಮಾರು 90 ಮೈಲಿ, ಅಂದರೆ 145 ಕಿಲೋಮೀಟರ್.

ಗಡಿ ದಾಟಿದ ಬೆಳಗ್ಗೆ ತಾನು ಅದೇ ಮನುಷ್ಯಳಾ ಅಂತ ತನ್ನ ಕೈಗಳನ್ನು ನೋಡಿಕೊಂಡೆ ಅಂತ ಆಕೆ ಮುಂದೆ ಹೇಳಿದ್ದಳು. ಎಲ್ಲರೂ ಇಷ್ಟನ್ನು ಉದ್ಧರಿಸಿ ನಿಲ್ಲಿಸುತ್ತಾರೆ. ಆಕೆ ಅಲ್ಲಿಗೇ ನಿಲ್ಲಿಸಿರಲಿಲ್ಲ. ಸ್ವತಂತ್ರಳಾದೆ, ಆದರೆ ಬಾ ಅನ್ನಲು ಅಲ್ಲಿ ಒಬ್ಬರೂ ಇರಲಿಲ್ಲ, ನನ್ನ ಅಪ್ಪ ಅಮ್ಮ, ಅಣ್ಣ ತಮ್ಮಂದಿರು ಎಲ್ಲ ಮೇರಿಲ್ಯಾಂಡ್‌ನಲ್ಲೇ ಇದ್ದರು ಅಂದಳು. ಹಾಗಾಗಿ ಫಿಲಡೆಲ್ಫಿಯಾದಲ್ಲಿ, ಕೇಪ್ ಮೇ ಎಂಬ ಸಮುದ್ರದಂಡೆಯ ಊರಲ್ಲಿ ಅಡುಗೆ ಕೆಲಸ, ಮನೆಗೆಲಸ ಮಾಡಿ ದುಡ್ಡು ಕೂಡಿಟ್ಟಳು. ಒಂದೊಂದು ಪ್ರಯಾಣಕ್ಕೂ ಖರ್ಚಿತ್ತು. ಹೆಚ್ಚಿನದನ್ನು ಆಕೆ ಪಾತ್ರೆ ತೊಳೆದು, ಅಡುಗೆ ಮಾಡಿ ದುಡಿದಳು. ಆಗ ಒಬ್ಬರೂ ಆಕೆಗೆ ಸಂಬಳ ಕೊಡುತ್ತಿರಲಿಲ್ಲ, ಆಕೆ ಕೇಳಿರಲೂ ಇಲ್ಲ. ಆಕೆ ಕೂಲಿ ಕೇಳಲು ಶುರುಮಾಡಿದ್ದು ಸರ್ಕಾರ ಆಕೆಯಿಂದ ಕೆಲಸ ಮಾಡಿಸಿಕೊಂಡ ಮೇಲೆ.

ಮೊದಲು ಬಿಡಿಸಿಕೊಂಡದ್ದು ಸೋದರಿಯ ಮಗಳು ಕೆಸಾಯಾಳನ್ನು, 1850ರ ಡಿಸೆಂಬರ್‌ನಲ್ಲಿ. ಡಾರ್ಚೆಸ್ಟರ್ ಕೌಂಟಿಯ ಕೇಂಬ್ರಿಡ್ಜ್ ಪಟ್ಟಣದ ಕೋರ್ಟಿನ ಮೆಟ್ಟಿಲಲ್ಲಿ ಅವಳನ್ನೂ ಎರಡು ಮಕ್ಕಳನ್ನೂ ಹರಾಜಿಗೆ ನಿಲ್ಲಿಸಿದ್ದರು. ಗಂಡ ಜಾನ್ ಬೌಲಿ ಸ್ವತಂತ್ರ ಮನುಷ್ಯ. ಅವನೇ ಹರಾಜು ಕೂಗಿ ಗೆದ್ದ. ಅವನ ಹತ್ತಿರ ದುಡ್ಡಿರಲಿಲ್ಲ. ಹರಾಜುದಾರ ಊಟಕ್ಕೆ ಹೋಗಿ ಬಂದು ದುಡ್ಡು ಕೇಳುವಷ್ಟರಲ್ಲಿ ಹೆಂಡತಿ ಮಕ್ಕಳು ಮಾಯ. ಆ ರಾತ್ರಿ ದೋಣಿಯಲ್ಲಿ ಬಾಲ್ಟಿಮೋರ್ ಕಡೆ ಹೊರಟರು. ಅಲ್ಲಿ ಹ್ಯಾರಿಯೆಟ್ ಕಾಯುತ್ತಿದ್ದಳು.

ಅದೇ ವರ್ಷ ಓಡಿಹೋದ ಗುಲಾಮರ ಕಾಯ್ದೆ ಬಂದಿತ್ತು. ಉತ್ತರದ ರಾಜ್ಯಗಳಲ್ಲೂ ಅವರನ್ನು ಹಿಡಿದು ವಾಪಸ್ ಕೊಡಬೇಕು ಅಂತ ಕಾನೂನು. ಫಿಲಡೆಲ್ಫಿಯಾದಲ್ಲೂ ನೆಮ್ಮದಿ ಇಲ್ಲ ಅಂತಾಯಿತು. ಅಲ್ಲಿಂದ ಕೆನಡಾದ ಸೇಂಟ್ ಕ್ಯಾಥರೀನ್ಸ್ ತನಕ ಕರೆದುಕೊಂಡು ಹೋಗಬೇಕಾಯಿತು.

1851ರಲ್ಲಿ ಗಂಡನನ್ನು ಕರೆತರಲು ಹೋದಳು. ಅವನಿಗೆ ಅಂತ ಒಂದು ಸೂಟು ಕೊಂಡುಹೋಗಿದ್ದಳು. ಅವನು ಬೇರೆ ಮದುವೆ ಆಗಿದ್ದ, ಬರೋದಿಲ್ಲ ಅಂದ. ಆಕೆ ಅಲ್ಲೇ ಇನ್ನಷ್ಟು ಜನರನ್ನು ಸೇರಿಸಿಕೊಂಡು ಉತ್ತರಕ್ಕೆ ನಡೆದಳು.

ನಾನು ಡಾರ್ಚೆಸ್ಟರ್ ಕೌಂಟಿಯ ಆ ಕಡೆ ಹೋಗಿದ್ದೇನೆ. ಚಪ್ಪಟೆ ನೆಲ, ಎಲ್ಲಿ ನೋಡಿದರೂ ನೀರು, ಜೊಂಡು, ಜೌಗು, ಪೈನ್ ಮರಗಳು. ಅಡಗಿಕೊಳ್ಳಲು ಒಂದು ಗುಡ್ಡವಿಲ್ಲ. ಕಾಲಿಟ್ಟಲ್ಲಿ ಕೆಸರು. ಇಲ್ಲಿ ಕೂಸುಗಳನ್ನು ಎತ್ತಿಕೊಂಡು, ಸದ್ದಿಲ್ಲದೆ, ಬರಿಗಾಲಲ್ಲಿ, ಚಳಿಗಾಲದ ರಾತ್ರಿ ನಡೆಯೋದು ಅಂದರೆ ಏನು ಅಂತ ಭೂಪಟ ನೋಡಿ ತಿಳಿಯೋದಿಲ್ಲ. ಆಕೆ ಚಳಿಗಾಲವನ್ನೇ ಆರಿಸಿಕೊಳ್ಳುತ್ತಿದ್ದಳು, ರಾತ್ರಿ ಉದ್ದ, ಜನ ಹೊರಗೆ ಬರೋದು ಕಡಿಮೆ. ಶನಿವಾರ ರಾತ್ರಿ ಹೊರಡಿಸುತ್ತಿದ್ದಳು, ಯಾಕಂದ್ರೆ ಭಾನುವಾರ ಪತ್ರಿಕೆ ಇರಲ್ಲ, ಓಡಿಹೋದವರ ಜಾಹೀರಾತು ಸೋಮವಾರಕ್ಕಿಂತ ಮೊದಲು ಬರಲ್ಲ. ಕೂಸುಗಳು ಅಳದಂತೆ ಸ್ವಲ್ಪ ಅಫೀಮು ಸೇರಿದ ಔಷಧಿ. ಗೂಬೆಯ ಕೂಗು, ಭಜನೆಯ ಹಾಡು ಸನ್ನೆಗಳು. ಕೈಯಲ್ಲಿ ಪಿಸ್ತೂಲು. ಅದು ಹಿಡಿಯಲು ಬಂದವರಿಗೂ ಹೌದು, ನಡುದಾರಿಯಲ್ಲಿ ಹೆದರಿ ವಾಪಸ್ ಹೋಗುತ್ತೇನೆ ಅಂದವರಿಗೂ ಹೌದು. ಒಬ್ಬ ಹಾಗೆ ಅಂದಾಗ ತಲೆಗೆ ಪಿಸ್ತೂಲು ಹಿಡಿದು, ನಡಿ ಇಲ್ಲಾ ಸಾಯಿ ಅಂದಳಂತೆ. ಓದಿದಾಗ ಕಷ್ಟ ಆಗುತ್ತದೆ. ಆದರೆ ಒಬ್ಬ ವಾಪಸ್ ಹೋಗಿ, ಹೊಡೆತಕ್ಕೆ ಬಾಯಿಬಿಟ್ಟರೆ, ದಾರಿಯುದ್ದಕ್ಕೂ ಆಸರೆ ಕೊಟ್ಟ ಅಷ್ಟೂ ಮನೆ ಹಾಳು. ಆಕೆಯ ಜಾಗದಲ್ಲಿ ನಿಂತು ನೋಡಿದರೆ ನನಗೆ ಬೇರೆ ದಾರಿ ಕಾಣೋದಿಲ್ಲ.

ಈ ಬಚ್ಚಿಡುವ ಮನೆಗಳ, ಮನುಷ್ಯರ ಸಾಲಿಗೇ ಅಂಡರ್‌ಗ್ರೌಂಡ್ ರೈಲ್‌ರೋಡ್ ಅಂತ ಹೆಸರು. ವಿಲ್ಮಿಂಗ್‌ಟನ್‌ನಲ್ಲಿ ಥಾಮಸ್ ಗ್ಯಾರೆಟ್ ಎಂಬ ಕ್ವೇಕರ್ ವ್ಯಾಪಾರಿ ಬಂದವರಿಗೆಲ್ಲ ಹೊಸ ಬೂಟು ಕೊಡುತ್ತಿದ್ದ. ಫಿಲಡೆಲ್ಫಿಯಾದಲ್ಲಿ ವಿಲಿಯಂ ಸ್ಟಿಲ್ ಎಂಬ ಕಪ್ಪು ಗುಮಾಸ್ತ ಪ್ರತಿಯೊಬ್ಬರ ಹೆಸರು, ಊರು, ಕಥೆ ಬರೆದಿಟ್ಟ. ಆ ಪುಸ್ತಕಗಳು ಸಿಕ್ಕಿದ್ದರೆ ಅವನಿಗೇ ಕುತ್ತು. ಆದರೂ ಬರೆದ, ಮುಂದೆ ಇವರ ನಂಟರು ಹುಡುಕಿಕೊಂಡು ಬಂದರೆ ಸಿಗಲಿ ಅಂತ.

1854ರ ಕ್ರಿಸ್‌ಮಸ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಅಣ್ಣ ರಾಬರ್ಟ್, ತಮ್ಮಂದಿರಾದ ಬೆನ್, ಹೆನ್ರಿ ಮೂವರನ್ನೂ ಹಬ್ಬದ ಮರುದಿನ ಮಾರುತ್ತಾರೆ ಅಂತ ಹ್ಯಾರಿಯೆಟ್‌ಗೆ ಸುದ್ದಿ ಬಂತು. ಊರಲ್ಲಿ ಓದಲು ಬರುತ್ತಿದ್ದ ಜೇಕಬ್ ಜಾಕ್ಸನ್ ಎಂಬ ಸ್ವತಂತ್ರ ಕಪ್ಪು ರೈತನಿಗೆ ಕಾಗದ ಬರೆಸಿದಳು, ಅವನ ಸಾಕುಮಗ ಬರೆದಂತೆ. ನನ್ನ ಸೋದರರಿಗೆ ಪ್ರಾರ್ಥನೆಯಲ್ಲಿ ಎಚ್ಚರವಾಗಿರಲು ಹೇಳಿ, ಜಿಯಾನ್‌ನ ಹಳೆಯ ಹಡಗು ಬಂದಾಗ ಹತ್ತಲು ಸಿದ್ಧರಾಗಿರಲಿ ಅನ್ನೋ ಅರ್ಥದ ಸಾಲು ಅದರಲ್ಲಿತ್ತು. ಅಂಚೆಯವರು ಒಡೆದು ಓದಿದರು. ಜೇಕಬ್‌ನ ಸಾಕುಮಗನಿಗೆ ಸೋದರರೇ ಇರಲಿಲ್ಲ. ಏನಿದು ಅಂತ ಕೇಳಿದರು. ಜೇಕಬ್ ಒಂದು ಸಲ ಕಣ್ಣಾಡಿಸಿ, ನನಗಂತೂ ತಲೆಬುಡ ತಿಳಿಯಲ್ಲ, ಇದು ನನಗೆ ಬರೆದದ್ದಲ್ಲ ಅಂದ. ಆಮೇಲೆ ನೇರ ಹೋಗಿ ಹ್ಯಾರಿಯೆಟ್‌ಳ ಅಣ್ಣ ತಮ್ಮಂದಿರಿಗೆ ಹೇಳಿದ.

ಹೊರಡುವ ರಾತ್ರಿ ರಾಬರ್ಟ್‌ನ ಹೆಂಡತಿಗೆ ಹೆರಿಗೆ ನೋವು ಶುರುವಾಯಿತು. ಹ್ಯಾರಿಯೆಟ್ ಯಾರಿಗೂ ಕಾಯುವವಳಲ್ಲ, ಹೇಳಿದ ಹೊತ್ತಿಗೆ ಹೊರಟಳು. ರಾಬರ್ಟ್ ಮಗು ಹುಟ್ಟುವ ತನಕ ಇದ್ದು, ಹೆಂಡತಿಗೆ ಸುಳ್ಳು ಹೇಳಿ, ಓಡಿ ಬಂದು ಸೇರಿಕೊಂಡ. ಹುಟ್ಟಿದ್ದು ಹೆಣ್ಣು. ಬೆನ್ ಮದುವೆಯಾಗಬೇಕಿದ್ದ ಜೇನ್ ಎಂಬ ಹುಡುಗಿ ಗಂಡಸಿನ ಬಟ್ಟೆ ಹಾಕಿಕೊಂಡು ಬಂದಳು. ಎಲ್ಲರೂ ರಾತ್ರಿ ನಡೆದು ಪಾಪ್ಲರ್ ನೆಕ್‌ನಲ್ಲಿ ಅಪ್ಪ ಅಮ್ಮ ಇದ್ದ ಗುಡಿಸಲ ಹತ್ತಿರ ಮುಸುಕಿನ ಜೋಳದ ಕಣಜದಲ್ಲಿ ಅಡಗಿದರು. ಹೊರಗೆ ಮಳೆ. ಅಪ್ಪನಿಗೆ ಗುಟ್ಟಾಗಿ ಹೇಳಿಕಳಿಸಿದರು. ಬೆನ್ ರಾಸ್ ಊಟ ತಂದು ಒಳಗಿಟ್ಟ, ಮಕ್ಕಳ ಮುಖ ನೋಡಲಿಲ್ಲ. ನಾಳೆ ಬಂದು ಕೇಳುತ್ತಾರೆ, ಮಕ್ಕಳನ್ನು ನೋಡಿದೆಯಾ ಅಂತ. ಆ ಮುದುಕ ಸುಳ್ಳು ಹೇಳುವವನಲ್ಲ ಅಂತ ಬಿಳಿಯರಿಗೂ ಗೊತ್ತಿತ್ತು. ನೋಡಲಿಲ್ಲ ಅನ್ನೋದು ನಿಜವಾಗಿರಬೇಕಿತ್ತು. ಹೊರಡುವಾಗ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಮಕ್ಕಳ ತೋಳು ಹಿಡಿದು ಸ್ವಲ್ಪ ದೂರ ಅವರ ಜೊತೆ ನಡೆದ.

ಅಮ್ಮನಿಗೆ ಹೇಳಲೇ ಇಲ್ಲ. ಹೇಳಿದ್ದರೆ ಆಕೆಯ ಗೋಳಾಟ ಅಕ್ಕಪಕ್ಕಕ್ಕೆ ಕೇಳುತ್ತಿತ್ತು. ರಿಟ್ ಹಬ್ಬಕ್ಕೆ ಮಕ್ಕಳು ಬರುತ್ತಾರೆ ಅಂತ ಅಡುಗೆ ಮಾಡಿಟ್ಟು ಕಾಯುತ್ತಿದ್ದಳು. ಬಾಗಿಲಿಗೆ ಬಂದು ದಾರಿ ನೋಡುವುದು, ಒಳಗೆ ಹೋಗುವುದು. ಹ್ಯಾರಿಯೆಟ್ ಅಮ್ಮನನ್ನು ನೋಡಿ ಐದು ವರ್ಷ ಆಗಿತ್ತು. ಬಿರುಕಿನಿಂದ ನೋಡಿದಳು, ಒಲೆಯ ಮುಂದೆ ಕೈಯಲ್ಲಿ ತಲೆಯಿಟ್ಟು ಕೂತಿದ್ದ ಅಮ್ಮನನ್ನು. ಮಾತಾಡಿಸದೆ ಹೊರಟಳು. ಡಿಸೆಂಬರ್ 29ಕ್ಕೆ ಎಲ್ಲರೂ ವಿಲಿಯಂ ಸ್ಟಿಲ್‌ನ ಕಚೇರಿಯಲ್ಲಿದ್ದರು. 1857ರಲ್ಲಿ ಆಕೆ ಮತ್ತೆ ಹೋಗಿ ಆ ಮುದಿ ಅಪ್ಪ ಅಮ್ಮನನ್ನೂ ಒಂದು ಹಳೆಯ ಕುದುರೆ, ಕೈಗೆ ಸಿಕ್ಕಿದ ಗಾಲಿಗಳಿಂದ ಮಾಡಿದ ಗಾಡಿಯಲ್ಲಿ ಕರೆತಂದಳು.

ತಂಗಿ ರೇಚಲ್ ಮಾತ್ರ ಸಿಗಲಿಲ್ಲ. ರೇಚಲ್ ತನ್ನ ಎರಡು ಮಕ್ಕಳನ್ನು ಬಿಟ್ಟು ಬರುವುದಿಲ್ಲ ಅನ್ನುತ್ತಿದ್ದಳು, ಮಕ್ಕಳು ಬೇರೆ ತೋಟದಲ್ಲಿದ್ದರು. 1860ರ ಕೊನೆಗೆ ಹ್ಯಾರಿಯೆಟ್ ಹೋದಾಗ ರೇಚಲ್ ತೀರಿಕೊಂಡಿದ್ದಳು. ಮಕ್ಕಳನ್ನಾದರೂ ತರಬೇಕು ಅಂದರೆ 30 ಡಾಲರ್ ಲಂಚ ಕೊಡಬೇಕಿತ್ತು. ಆಕೆಯ ಹತ್ತಿರ ಇರಲಿಲ್ಲ. ಮಕ್ಕಳು ಅಲ್ಲೇ ಉಳಿದರು. ದುಡ್ಡಿನ ವಿಷಯಕ್ಕೆ ಮುಂದೆ ಆಕೆ ಯಾಕೆ ಅಷ್ಟು ಹಟ ಹಿಡಿದಳು ಅಂತ ಯೋಚಿಸುವಾಗ ನನಗೆ ಈ 30 ಡಾಲರ್ ನೆನಪಿಗೆ ಬರುತ್ತದೆ.

ಉತ್ತರ, ದಕ್ಷಿಣ ರಾಜ್ಯಗಳ ನಡುವೆ ಅಂತರ್ಯುದ್ಧ ಬಂತು. 1862ರಲ್ಲಿ ಮ್ಯಾಸಚೂಸೆಟ್ಸ್ ಗವರ್ನರ್ ಆಕೆಯನ್ನು ದಕ್ಷಿಣ ಕೆರೊಲಿನಾದ ಬ್ಯೂಫರ್ಟ್ ಕಡೆ ಕಳಿಸಿದರು. ಅಲ್ಲಿ ನರ್ಸ್ ಕೆಲಸ, ಅಡುಗೆ, ಬೇಹುಗಾರಿಕೆ. ಮೊದಲು ಸೈನ್ಯದ ರೇಷನ್ ಸಿಗುತ್ತಿತ್ತು. ಇವಳಿಗೆ ಮಾತ್ರ ಯಾಕೆ ಅಂತ ಅಲ್ಲಿನ ಬಿಡುಗಡೆಯಾದ ಬಡವರಿಗೆ ಅನ್ನಿಸಿತು ಅಂತ ಅದನ್ನೂ ಬಿಟ್ಟಳು. ಹಗಲು ಆಸ್ಪತ್ರೆ, ರಾತ್ರಿ ಐವತ್ತರಷ್ಟು ಪೈ, ಶುಂಠಿ ಬ್ರೆಡ್, ರೂಟ್ ಬಿಯರ್ ಮಾಡಿ ಮಾರಿಸಿ ಹೊಟ್ಟೆ ಹೊರೆದಳು.

1863ರ ಜೂನ್ 1ರ ರಾತ್ರಿ ಕರ್ನಲ್ ಜೇಮ್ಸ್ ಮಾಂಟ್‌ಗಮರಿಯ ಕಪ್ಪು ಸೈನಿಕರ ಜೊತೆ ದೋಣಿಗಳು ಕಾಂಬಾಹಿ ನದಿಗೆ ಹೊರಟವು. ನದಿಯಲ್ಲಿ ಎಲ್ಲೆಲ್ಲಿ ಸ್ಫೋಟಕ ಇಟ್ಟಿದ್ದಾರೆ ಅಂತ ಅಲ್ಲಿನ ಗುಲಾಮರಿಂದಲೇ ತಿಳಿದುಕೊಂಡಿದ್ದವರು ಹ್ಯಾರಿಯೆಟ್ ಮತ್ತು ಆಕೆಯ ಕೈಕೆಳಗಿನ ಎಂಟೊಂಬತ್ತು ಬೇಹುಗಾರರು. ಬೆಳಗಾಗುವಾಗ ಹಡಗಿನ ಸಿಳ್ಳೆ ಕೇಳಿ ಭತ್ತದ ಗದ್ದೆಗಳಿಂದ ಜನ ಓಡಿ ಬಂದರು. ಆ ನೋಟ ಆಕೆ ಮರೆಯಲಿಲ್ಲ. ಒಲೆಯಿಂದ ಆಗಷ್ಟೇ ಇಳಿಸಿದ, ಹಬೆಯಾಡುವ ಅನ್ನದ ಪಾತ್ರೆ ತಲೆ ಮೇಲೆ ಹೊತ್ತ ಹೆಂಗಸು, ಬೆನ್ನಿಗೆ ಒಂದು ಕೂಸು, ಸೆರಗು ಹಿಡಿದು ಇನ್ನಿಬ್ಬರು. ಚೀಲದೊಳಗೆ ಹಂದಿಮರಿ, ಕಿರುಚುವ ಕೋಳಿ. ಒಬ್ಬಳು ತಂದ ಎರಡು ಹಂದಿಗಳಿಗೆ ದಕ್ಷಿಣದ ನಾಯಕರ ಹೆಸರಿಟ್ಟರು. ಒಂದೇ ದಿನ ಬಿಡುಗಡೆಯಾದವರು 700ಕ್ಕೂ ಹೆಚ್ಚು. ಹತ್ತು ವರ್ಷದ ಎಲ್ಲ ಪ್ರಯಾಣಕ್ಕಿಂತ ಹತ್ತು ಪಟ್ಟು ಜನ. ಗಂಡಸರಲ್ಲಿ ಹಲವರು ಅಲ್ಲೇ ಸೈನ್ಯ ಸೇರಿದರು. ಓಡಾಟದಲ್ಲಿ ಆಕೆಯ ಲಂಗ ಕಾಲಿಗೆ ತೊಡರಿ ಚಿಂದಿಯಾಗಿತ್ತು. ಆ ತಿಂಗಳೇ ಬಾಸ್ಟನ್ನಿನ ಗೆಳೆಯರಿಗೆ ಕಾಗದ ಬರೆಸಿ, ಇನ್ನು ಮುಂದೆ ಇಂಥ ಕೆಲಸಕ್ಕೆ ಹಾಕಿಕೊಳ್ಳಲು ಒರಟು ಗಟ್ಟಿ ಬಟ್ಟೆಯ ಚಲ್ಲಣದ ಉಡುಪು ಕಳಿಸಿ ಅಂದಳು.

ಯುದ್ಧದ ಅಷ್ಟೂ ವರ್ಷಕ್ಕೆ ಸರ್ಕಾರ ಆಕೆಗೆ ಕೊಟ್ಟದ್ದು 200 ಡಾಲರ್. ಅದರಲ್ಲಿ ಆಕೆ ಬಟ್ಟೆ ಒಗೆಯುವ ಒಂದು ಮನೆ ಕಟ್ಟಿಸಿದಳು, ಬಿಡುಗಡೆಯಾದ ಹೆಂಗಸರು ಸೈನಿಕರ ಬಟ್ಟೆ ಒಗೆದು ದುಡಿಯಲಿ ಅಂತ.

1865ರಲ್ಲಿ ಮನೆಗೆ ವಾಪಸ್ ಬರುವಾಗ ನ್ಯೂಜೆರ್ಸಿಯಲ್ಲಿ ರೈಲಿನ ಕಂಡಕ್ಟರ್ ಆಕೆಯ ಸರ್ಕಾರಿ ಪಾಸನ್ನು ನಂಬಲಿಲ್ಲ. ಏಳು ಅಂದ, ಏಳಲಿಲ್ಲ. ಮೂರು ನಾಲ್ಕು ಜನ ಸೇರಿ ಎಳೆದು ಸಾಮಾನಿನ ಡಬ್ಬಿಗೆ ನೂಕಿದರು. ತೋಳಿಗೆ ಬಲವಾದ ಪೆಟ್ಟಾಯಿತು, ಆ ಚಳಿಗಾಲ ಪೂರ್ತಿ ದುಡಿಯಲು ಆಗಲಿಲ್ಲ.

ಇಲ್ಲಿಂದ ಶುರುವಾಗುತ್ತದೆ ಅರ್ಜಿಗಳ ಕಥೆ. ಮನೆಯಲ್ಲಿ ಮುದಿ ಅಪ್ಪ ಅಮ್ಮ, ಆಸರೆ ಕೇಳಿ ಬಂದ ಅನಾಥರು, ಕುರುಡರು. ಏಳು ಎಕರೆ ಜಮೀನು, ಅದೂ 1859ರಲ್ಲಿ ಸೆನೆಟರ್ ವಿಲಿಯಂ ಸೀವರ್ಡ್‌ರಿಂದ 1200 ಡಾಲರ್‌ಗೆ ಕಂತಿನಲ್ಲಿ ಕೊಂಡದ್ದು. 1868ರಲ್ಲಿ ಆಬರ್ನ್‌ನ ಬ್ಯಾಂಕಿನವರೊಬ್ಬರು ಕಾಗದಪತ್ರ ಎಲ್ಲ ಸೇರಿಸಿ, ಬೇಹುಗಾರಳಾಗಿ ಆಕೆಗೆ ಬರಬೇಕಾದದ್ದು 766 ಡಾಲರ್ ಅಂತ ಲೆಕ್ಕ ಹಾಕಿದರು. ಬರಲಿಲ್ಲ. 1874ರಲ್ಲಿ 2000 ಡಾಲರ್ ಕೊಡುವ ಮಸೂದೆ ಬಂತು, ಸೆನೆಟ್‌ನಲ್ಲಿ ಬಿದ್ದುಹೋಯಿತು. ಎರಡನೇ ಗಂಡ ನೆಲ್ಸನ್ ಡೇವಿಸ್ ಮಾಜಿ ಸೈನಿಕ, 1888ರಲ್ಲಿ ತೀರಿಕೊಂಡ. ಅವನ ವಿಧವೆ ಅಂತ 1895ರಲ್ಲಿ ತಿಂಗಳಿಗೆ 8 ಡಾಲರ್ ಮಂಜೂರಾಯಿತು. ಅದಕ್ಕೂ ಐದು ವರ್ಷ ಓಡಾಟ, ಮದುವೆ ಆಗಿದ್ದಕ್ಕೆ ಸಾಕ್ಷಿ ಬೇರೆ.

ಆಕೆ ಬಿಡಲಿಲ್ಲ. 1898ರ ಪ್ರಮಾಣಪತ್ರದಲ್ಲಿ, ಮೂರು ವರ್ಷ ನರ್ಸ್ ಆಗಿ, ಅಡುಗೆಯವಳಾಗಿ, ಎಂಟೊಂಬತ್ತು ಬೇಹುಗಾರರ ಮುಖ್ಯಸ್ಥಳಾಗಿ ದುಡಿದದ್ದಕ್ಕೆ ನನ್ನ ಕ್ಲೇಮು 1800 ಡಾಲರ್ ಅಂತ ಹೇಳಿಸಿದಳು. ಕೊನೆಗೆ ರುಜುವಿನ ಜಾಗದಲ್ಲಿ ಗುರುತು ಹಾಕಿದಳು. ಇದು ನನಗೆ ತುಂಬಾ ಇಷ್ಟವಾದ ದಾಖಲೆ. ಬೇಡಿಕೆ ಇದೆ, ಬೇಡುವ ದನಿ ಇಲ್ಲ. ತಿಂಗಳಿಗೆ 25 ಡಾಲರ್ ಕೊಡಬೇಕು ಅಂತ ಅಮೆರಿಕದ ಸಂಸತ್ತಾದ ಕಾಂಗ್ರೆಸ್‌ನಲ್ಲಿ ಪ್ರಸ್ತಾಪ ಬಂತು. ಹೆಂಗಸಿಗೆ ಪೂರ್ತಿ ಸೈನಿಕನ ಪಿಂಚಣಿ ಕೊಡೋದಾ ಅಂತ ಕೆಲವರು ತಡೆದರು. 1899ರ ಫೆಬ್ರವರಿಯಲ್ಲಿ 20 ಡಾಲರ್‌ಗೆ ಒಪ್ಪಂದವಾಯಿತು: ವಿಧವೆ ಅಂತ 8, ನರ್ಸ್ ಅಂತ 12. ಬೇಹುಗಾರಿಕೆಯ ಮಾತೇ ಇಲ್ಲ. ಕಾಂಬಾಹಿ ನದಿಯ ಮಾತೇ ಇಲ್ಲ.

ಫ್ರೆಡರಿಕ್ ಡಗ್ಲಸ್, ತಾನೂ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ದೊಡ್ಡ ಭಾಷಣಕಾರನಾದವನು, 1868ರಲ್ಲೇ ಆಕೆಗೆ ಬರೆದಿದ್ದ: ನಾನು ಹಗಲಲ್ಲಿ ಕೆಲಸ ಮಾಡಿದೆ, ನೀನು ರಾತ್ರಿಯಲ್ಲಿ. ನನಗೆ ಜನರ ಚಪ್ಪಾಳೆ ಸಿಕ್ಕಿತು, ನಿನಗೆ ಸಿಕ್ಕಿದ್ದು ಬಿಡುಗಡೆ ಮಾಡಿಸಿದ ಕೆಲವರ ‘ದೇವರು ನಿನಗೆ ಒಳ್ಳೆಯದು ಮಾಡಲಿ’ ಅನ್ನೋ ಮಾತು, ಅಷ್ಟೇ. ಸರ್ಕಾರಕ್ಕೆ ಸಾಕ್ಷಿ ಬೇಕಿತ್ತು. ರಾತ್ರಿ ಮಾಡಿದ ಕೆಲಸಕ್ಕೆ ರಸೀದಿ ಎಲ್ಲಿಂದ ತರೋದು?

ಇನ್ನು ಮನೆಯ ವಿಷಯ. 1896ರಲ್ಲಿ ಪಕ್ಕದ 25 ಎಕರೆ ಹರಾಜಿಗೆ ಬಂತು. ಅಲ್ಲಿ ಸೇರಿದ್ದವರೆಲ್ಲ ಬಿಳಿಯರು, ಇವಳೊಬ್ಬಳೇ ಕಪ್ಪು ಹೆಂಗಸು. ಮೂಲೆಯಲ್ಲಿ ಕೂತು, ಯಾರು ಕೂಗುತ್ತಿದ್ದಾರೆ ಅಂತಲೂ ಗೊತ್ತಾಗದ ಹಾಗೆ ಕೂಗುತ್ತಾ ಹೋಗಿ 1450 ಡಾಲರ್‌ಗೆ ಗೆದ್ದಳು. ಅವಳ ಹತ್ತಿರ ದುಡ್ಡಿರಲಿಲ್ಲ. ಕೆಸಾಯಾಳ ಗಂಡ ಕೋರ್ಟಿನ ಮೆಟ್ಟಿಲಲ್ಲಿ ಮಾಡಿದ್ದು ನೆನಪಿದೆ ಅಲ್ವಾ? ಈ ಸಲ ಮಾತ್ರ ಬ್ಯಾಂಕು ಸಾಲ ಕೊಟ್ಟಿತು, ಕಪ್ಪು ಜನರ ಎಎಂಇ ಜಿಯಾನ್ ಚರ್ಚ್ ನೆರವಾಯಿತು. ವಯಸ್ಸಾದ, ಕೈಯಲ್ಲಾಗದ ಕಪ್ಪು ಜನಕ್ಕೆ ಅಲ್ಲಿ ಮನೆ ಮಾಡಬೇಕು ಅನ್ನೋದು ಆಕೆಯ ಆಸೆ. ಸಾಲ, ತೆರಿಗೆ ಹೊರಲಾರದೆ 1903ರಲ್ಲಿ ಜಾಗವನ್ನು ಚರ್ಚಿಗೇ ಬರೆದುಕೊಟ್ಟಳು. ಮನೆ ತೆರೆದದ್ದು 1908ರ ಜೂನ್‌ನಲ್ಲಿ.

ಮನೆ ನಡೆಸುವವರು ಸೇರಿಕೊಳ್ಳಲು 100 ಡಾಲರ್ ಶುಲ್ಕ ಅಂತ ನಿಯಮ ಮಾಡಿದ್ದರು. ಹ್ಯಾರಿಯೆಟ್‌ಗೆ ಅದು ಹಿಡಿಸಲಿಲ್ಲ. ನೂರು ಡಾಲರ್ ಇಲ್ಲದವರು ಒಳಗೆ ಬರಬಾರದು ಅಂತ ಅವರು ನಿಯಮ ಮಾಡಿದರು, ಕೈಯಲ್ಲಿ ಒಂದು ಕಾಸೂ ಇಲ್ಲದವರು ಮಾತ್ರ ಬರಬೇಕು ಅಂತ ನಾನು ನಿಯಮ ಮಾಡಬೇಕು ಅಂದುಕೊಂಡಿದ್ದೆ ಅಂದಳು. 1911ರಲ್ಲಿ ಆಕೆಯೇ ಅಲ್ಲಿ ಸೇರಬೇಕಾಯಿತು. 1913ರ ಮಾರ್ಚ್ 10ರಂದು ನ್ಯುಮೋನಿಯಾದಿಂದ ತೀರಿಕೊಂಡಳು. ಫೋರ್ಟ್ ಹಿಲ್ ಸ್ಮಶಾನದಲ್ಲಿ ಸೈನಿಕ ಗೌರವದೊಂದಿಗೆ ಮಣ್ಣು ಮಾಡಿದರು.

2003ರಲ್ಲಿ ಯಾರೋ ಹಳೆಯ ಕಡತ ತೆಗೆಸಿ ಕೇಳಿದ್ದರಿಂದ, 25ರ ಬದಲು 20 ಕೊಟ್ಟದ್ದರ ವ್ಯತ್ಯಾಸವನ್ನು ಆ ವರ್ಷದ ಬೆಲೆಗೆ ಲೆಕ್ಕ ಹಾಕಿ ಅಮೆರಿಕದ ಕಾಂಗ್ರೆಸ್ 11,750 ಡಾಲರ್ ಕೊಟ್ಟಿತು. ದುಡ್ಡು ಹೋದದ್ದು ಆಬರ್ನ್‌ನ ಅದೇ ಹ್ಯಾರಿಯೆಟ್ ಟಬ್‌ಮನ್ ಮನೆಗೆ. ಆಕೆಗೆ ಸಂದ ಗೌರವಗಳಲ್ಲಿ ನನಗೆ ಎಲ್ಲಕ್ಕಿಂತ ಮೆಚ್ಚುಗೆ ಆದದ್ದು ಇದೇ, ಪದವಿಗಿಂತ, ನೋಟಿಗಿಂತ. ಆದರೆ ಅದು ವಿಧವೆಯ ಪಿಂಚಣಿಯ ಬಾಕಿ. 1898ರಲ್ಲಿ ತನ್ನ ಸ್ವಂತ ಕೆಲಸಕ್ಕೆ ಅಂತ ಗುರುತು ಹಾಕಿ ಕೇಳಿದ 1800 ಡಾಲರ್ ಬೇರೆ ಲೆಕ್ಕ.